ಡ್ರಿಲ್ ಕೊಳ್ಳುವ ಮುಂಚೆ ನಿಮ್ಮ ಗೋಡೆ ಯಾವುದು ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿ ಡ್ರಿಲ್ ಬಗ್ಗೆಯೇ ಇದ್ದವು. "ಯಾವ ಕಂಪನಿ ಒಳ್ಳೇದು" ಅಂತ ಮಾತ್ರ ಬರೆದವರಿಗೆ ಉತ್ತರ ಕೊಡೋದು ಕಷ್ಟ. ಏನು ಕೊರೆಯಬೇಕು, ಎಷ್ಟು ಕೊರೆಯಬೇಕು ಅಂತ ಬರೆದವರ ಪತ್ರಗಳನ್ನು ಮೊದಲು ತಗೊಂಡಿದ್ದೇನೆ.

ಯಲಹಂಕದಲ್ಲಿ ಹೊಸ ಫ್ಲ್ಯಾಟಿಗೆ ಬಂದಿದ್ದೇವೆ. ಪರದೆ ರಾಡು, ಕನ್ನಡಿ, ಪುಸ್ತಕದ ಶೆಲ್ಫು, ಎಲ್ಲಕ್ಕೂ ಗೋಡೆಗೆ ತೂತು ಬೇಕು. ಆನ್‌ಲೈನಿನಲ್ಲಿ 48 ವೋಲ್ಟಿನ ಡ್ರಿಲ್ ಎರಡು ಬ್ಯಾಟರಿ ಸಮೇತ 2,500 ರೂಪಾಯಿಗೆ ಇದೆ. ಹೆಸರಿರುವ ಕಂಪನಿಯ 18 ವೋಲ್ಟಿನದಕ್ಕೆ ಹತ್ತು ಸಾವಿರದ ಹತ್ತಿರ. 48 ಜಾಸ್ತಿ ಅಲ್ವಾ? ನನ್ನ ಬಜೆಟ್ ಐದು ಸಾವಿರ. (ಓದುಗರೊಬ್ಬರು, ಬೆಂಗಳೂರು)

ಆ 48 ಸುಳ್ಳು ಲೆಕ್ಕ. ಲಿಥಿಯಂ ಬ್ಯಾಟರಿಯ ಒಂದೊಂದು ಸೆಲ್ 3.6 ವೋಲ್ಟಿನದು, ಪೂರ್ತಿ ಚಾರ್ಜ್ ಆದಾಗ 4.2ಕ್ಕೆ ಏರುತ್ತದೆ. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್, ತುಂಬಿದಾಗ 21. ಹಾಗಾಗಿ 18, 20, 21 ಅಂತ ಬೇರೆ ಬೇರೆ ಬರೆದಿದ್ದರೂ ಒಳಗಿರೋದು ಒಂದೇ ಐದು ಸೆಲ್. ನಿಜವಾಗಿ 48 ವೋಲ್ಟ್ ಬೇಕಾದರೆ ಹದಿಮೂರು ಸೆಲ್ ಬೇಕು, ಅಷ್ಟು ದಪ್ಪದ ಬ್ಯಾಟರಿ ಆ ಫೋಟೋದಲ್ಲಿ ಕಾಣಿಸುತ್ತಾ ನೋಡಿ. ನಮ್ಮ ಬೀದಿಯವರೊಬ್ಬರು "88 ವಿಎಫ್" ಅಂತ ಬರೆದಿದ್ದ ಬ್ಯಾಟರಿ ತಂದಿದ್ದರು, ಚಾರ್ಜ್ ನಿಲ್ಲುತ್ತಿಲ್ಲ ಅಂತ. ಬಿಚ್ಚಿದೆ. ಐದೇ ಸೆಲ್. ನೀವು ಬಿಚ್ಚೋದೇನೂ ಬೇಡ, ಚಾರ್ಜರಿನ ಹಿಂದಿರುವ ಚೀಟಿ ಓದಿ. ಔಟ್‌ಪುಟ್ 21 ವೋಲ್ಟ್ ಅಂತ ಇದ್ದರೆ ಡ್ರಿಲ್ಲೂ ಅಷ್ಟರದ್ದೇ.

ಈಗ ನಿಮ್ಮ ಗೋಡೆಗೆ ಬರೋಣ, ಏನು ಕೊಳ್ಳಬೇಕು ಅನ್ನೋದು ಅದರ ಮೇಲೇ ನಿಂತಿದೆ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ತುಂಬಾ ಕಡೆ ಗೋಡೆ ಇಟ್ಟಿಗೆಯದ್ದಲ್ಲ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಕಾಂಕ್ರೀಟ್ ಸುರಿದಿರುತ್ತಾರೆ, ಮಿವಾನ್ ಅನ್ನುತ್ತಾರಲ್ಲ ಅದು. ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ ಒಂದು ಸಣ್ಣ ತೂತು ಕೊರೆಸಿ ಪುಡಿ ನೋಡಿ. ಕೆಂಪಗಿದ್ದರೆ ಇಟ್ಟಿಗೆ. ಹಿಟ್ಟಿನ ಹಾಗೆ ತಿಳಿ ಬಣ್ಣದ ಪುಡಿ ಸಲೀಸಾಗಿ ಉದುರಿದರೆ ಹಗುರದ ಎಎಸಿ ಬ್ಲಾಕು. ಬೂದುಬಣ್ಣ, ಒಂದೂವರೆ ಇಂಚಿಗೇ ಬಿಟ್ (ಡ್ರಿಲ್ಲಿನ ಮೂತಿಗೆ ಸಿಗಿಸುವ ಕೊರೆಯುವ ಕಡ್ಡಿ) ನಿಂತು ಕಿರುಗುಟ್ಟಿದರೆ ಕಾಂಕ್ರೀಟು, ಜಲ್ಲಿಗೆ ತಾಗಿದೆ ಅಂತ ಅರ್ಥ.

ಬ್ಯಾಟರಿ ಡ್ರಿಲ್ಲಿನಲ್ಲಿ ಸುತ್ತಿಗೆ ಚಿಹ್ನೆ ಇದ್ದರೂ ಕಾಂಕ್ರೀಟಿನಲ್ಲಿ ಸೋಲುತ್ತದೆ. ಒಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ತಿರುಗಿ ಬಿಟ್ಟನ್ನು ಅದುರಿಸುತ್ತವೆ, ಅಷ್ಟೇ. ಒತ್ತುವ ಬಲ ನಿಮ್ಮ ಭುಜದ್ದು. ರೋಟರಿ ಹ್ಯಾಮರ್ ಬೇರೆಯೇ ಯಂತ್ರ. ಅದರೊಳಗಿನ ಪಿಸ್ಟನ್ನು ಗಾಳಿಯ ಒತ್ತಡದಿಂದ ನಿಜವಾಗಿಯೂ ಹೊಡೆಯುತ್ತದೆ, ನೀವು ನೆಟ್ಟಗೆ ಹಿಡಿದರೆ ಸಾಕು. ಅದರ ಬಿಟ್ಟಿಗೆ ಹಿಂಬದಿಯಲ್ಲಿ ಸಣ್ಣ ತೋಡು ಕೊರೆದಿರುತ್ತದೆ, ಎಸ್‌ಡಿಎಸ್ ಅನ್ನುತ್ತಾರೆ, 1975ರಲ್ಲಿ ಬಾಷ್ ಕಂಪನಿ ತಂದ ಏರ್ಪಾಡು.

ನನ್ನ ನೇರ ಮಾತು: ಬ್ಯಾಟರಿ ಡ್ರಿಲ್ ಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಪ್ರತಿ ಕೋಣೆಗೂ ಪ್ಲಗ್ ಪಾಯಿಂಟ್ ಇದೆ, ಕೆಲಸ ಒಟ್ಟು ಹದಿನೈದು ಇಪ್ಪತ್ತು ತೂತು. ಗೋಡೆ ಇಟ್ಟಿಗೆಯದೋ ಬ್ಲಾಕಿನದೋ ಆಗಿದ್ದರೆ ವೈರಿರುವ 500 ರಿಂದ 600 ವ್ಯಾಟಿನ 13 ಎಂಎಂ ಹ್ಯಾಮರ್ ಡ್ರಿಲ್ ತಗೊಳ್ಳಿ, ಹೆಸರಿರುವ ಕಂಪನಿಯದ್ದೇ ಎರಡೂವರೆ ಮೂರು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಉಳಿದ ದುಡ್ಡಲ್ಲಿ ಒಳ್ಳೆಯ 6 ಮತ್ತು 8 ಎಂಎಂ ಬಿಟ್‌ಗಳು, ಒಂದು ಗಟ್ಟಿ ಎಕ್ಸ್‌ಟೆನ್ಷನ್ ಬೋರ್ಡು. ಪೂರಾ ಕಾಂಕ್ರೀಟ್ ಗೋಡೆಯಾದರೆ ಯಂತ್ರವೇ ಬೇಡ. ಎಲ್ಲ ಜಾಗಕ್ಕೂ ಪೆನ್ಸಿಲ್ ಗುರುತು ಹಾಕಿಟ್ಟು, ರೋಟರಿ ಹ್ಯಾಮರ್ ಇರುವ ಎಲೆಕ್ಟ್ರಿಷಿಯನ್ನನ್ನು ಒಂದು ಬೆಳಗ್ಗೆ ಕರೆಸಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಮಾತ್ರ ಯಾರ ಕೈಯಿಂದಲೂ ಕೊರೆಸಬೇಡಿ, ವೈರಿನ ಪೈಪು ಅಲ್ಲೇ ಹೋಗಿರುತ್ತದೆ.

ನಮ್ಮದು ಮುರಕಲ್ಲಿನ ಹಳೆ ಮನೆ. ಡ್ರಿಲ್ ಹಾಕಿದರೆ ತೂತು ದೊಡ್ಡದಾಗಿ, ಸ್ಕ್ರೂಗೆ ಅಂತ ಹಾಕುವ ಪ್ಲಾಸ್ಟಿಕ್ ಪ್ಲಗ್ ಕಳಚಿ ಬರುತ್ತದೆ. ಇನ್ನೂ ಪವರಿರುವ ಡ್ರಿಲ್ ಬೇಕಾ? (ಪುತ್ತೂರು)

ಬೇಡ, ಪವರ್ ಜಾಸ್ತಿಯಾಗಿಯೇ ಹೀಗಾಗಿರೋದು. ಮುರಕಲ್ಲು ಮೆತ್ತಗೆ, ಒಳಗೆಲ್ಲ ಸಣ್ಣ ಪೊಳ್ಳು. ಹ್ಯಾಮರ್ ಹಾಕಿದರೆ ಅಂಚು ಉದುರಿ ತೂತು ಅಗಲವಾಗುತ್ತದೆ. ಹ್ಯಾಮರ್ ತೆಗೆದು ಬರೀ ತಿರುಗುವ ಚಿಹ್ನೆಗೆ ಇಡಿ, ಪ್ಲಗ್ಗಿಗಿಂತ ಒಂದು ಸೈಜು ಸಣ್ಣ ಬಿಟ್ ಹಾಕಿ ನಿಧಾನವಾಗಿ ಕೊರೆಯಿರಿ, ಉದ್ದದ ಪ್ಲಗ್ ಬಡಿದು ಕೂರಿಸಿ. ನಿಮ್ಮ ಹತ್ತಿರ ಇರುವ ಡ್ರಿಲ್ಲೇ ಸಾಕು.

ಶಿರಸಿ ಹತ್ತಿರ ತೋಟ ಇದೆ. ಜೇನುಪೆಟ್ಟಿಗೆ ನಾನೇ ಮಾಡಿಕೊಳ್ಳುತ್ತೇನೆ. ಗೇಟು, ಪೈಪು, ಪಂಪ್‌ಹೌಸಿನ ಬಾಗಿಲು ಅಂತ ಕೆಲಸ ಇದ್ದೇ ಇರುತ್ತದೆ. ತೋಟದಲ್ಲಿ ಕರೆಂಟ್ ಪಾಯಿಂಟ್ ಇಲ್ಲ. 12 ವೋಲ್ಟ್ ಸಾಕಾ, 18 ಬೇಕಾ? (ಉತ್ತರ ಕನ್ನಡ)

ನಿಮ್ಮ ಪತ್ರ ಓದಿ ಖುಷಿಯಾಯಿತು, ಬ್ಯಾಟರಿ ಡ್ರಿಲ್ ಇರೋದೇ ಇಂಥ ಕೆಲಸಕ್ಕೆ.

12 ವೋಲ್ಟ್ ಅಂದರೆ ಮೂರು ಸೆಲ್ಲು, ಸರಿಯಾಗಿ ಹೇಳಬೇಕೆಂದರೆ 10.8 ವೋಲ್ಟ್. ತೂಕ ಸುಮಾರು ಒಂದು ಕೆಜಿ. ತಿರುಗುವ ಬಲ, ಡಬ್ಬಿಯ ಮೇಲೆ ಟಾರ್ಕ್ ಅಂತ ನ್ಯೂಟನ್ ಮೀಟರಿನಲ್ಲಿ ಬರೆದಿರುತ್ತಾರಲ್ಲ, ಅದು ಸಾಧಾರಣ 20 ರಿಂದ 30. 18 ವೋಲ್ಟಿನದು ಒಂದೂವರೆ ಕೆಜಿ ಆಸುಪಾಸು, ಬಲ 45 ರಿಂದ 60. ತುಡುವೆ ಜೇನಿನ ಪೆಟ್ಟಿಗೆಯ ಮುಕ್ಕಾಲು ಇಂಚಿನ ಹಲಗೆಗೆ ಒಂದೂವರೆ ಇಂಚಿನ ಸ್ಕ್ರೂ ಹೊಡೆಯೋಕೆ 12 ವೋಲ್ಟಿನದು ಧಾರಾಳ, ಕೈಯೂ ನೋಯುವುದಿಲ್ಲ. ಮತ್ತಿ, ಹೊನ್ನೆಯಂಥ ಗಟ್ಟಿ ಮರದ ಕಂಬಕ್ಕೆ 12 ಎಂಎಂ ಬೋಲ್ಟಿನ ತೂತು ಆಗಾಗ ಬೇಕು ಅನ್ನುವುದಾದರೆ ಅದು ಏದುಸಿರು ಬಿಡುತ್ತದೆ, ಬಿಟ್ ಹಿಡಿಯುವ ಅದರ ಚಕ್ಕು ಸಾಮಾನ್ಯವಾಗಿ 10 ಎಂಎಂಗೇ ಮುಗಿಯುತ್ತದೆ. ಗೇಟು, ಕಂಬ, ಪಂಪ್‌ಹೌಸ್ ಎಲ್ಲ ಬರೆದಿರುವುದರಿಂದ ನಿಮಗೆ 18 ಸರಿ. ಬರೀ ಪೆಟ್ಟಿಗೆ ಅಂದಿದ್ದರೆ 12 ಅನ್ನುತ್ತಿದ್ದೆ.

ಒಂದು ದೊಡ್ಡ ಬ್ಯಾಟರಿಗಿಂತ ಎರಡು ಸಣ್ಣ ಬ್ಯಾಟರಿ ತಗೊಳ್ಳಿ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ಒಳಗಿರುವ ಶಕ್ತಿ ಗೊತ್ತಾಗುತ್ತದೆ: 18 ವೋಲ್ಟಿನ 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 36 ವ್ಯಾಟ್ ಅವರ್, 4ರದ್ದರಲ್ಲಿ 72. ಅಂದರೆ ಎರಡು ಸಣ್ಣದು ಸೇರಿದರೆ ಒಂದು ದೊಡ್ಡದಕ್ಕೆ ಸಮ. ಒಂದು ಮನೆಯಲ್ಲಿ ಚಾರ್ಜಿಗೆ, ಒಂದು ತೋಟದಲ್ಲಿ ಕೆಲಸಕ್ಕೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬಾರದ ನಿಮ್ಮ ಕಡೆ ಇದು ಇನ್ನೂ ಮುಖ್ಯ.

ಡ್ರಿಲ್ಲಿನ ತಲೆಯ ಮೇಲೆ 1, 2 ಅಂತ ಜಾರುವ ಗುಂಡಿ ಇರುತ್ತದೆ. 1ರಲ್ಲಿ ವೇಗ ಕಡಿಮೆ, ಬಲ ಜಾಸ್ತಿ, ಅದು ಸ್ಕ್ರೂಗೆ, ದಪ್ಪ ತೂತಿಗೆ. 2 ಸಣ್ಣ ಬಿಟ್ಟಿನಲ್ಲಿ ಕೊರೆಯೋಕೆ. ಯಂತ್ರ ತಿರುಗುತ್ತಿರುವಾಗ ಅದನ್ನು ಬದಲಾಯಿಸಬೇಡಿ, ಗೇರಿನ ಹಲ್ಲು ಹೋಗುತ್ತದೆ. ಚಕ್ಕಿನ ಹಿಂದೆ ನಂಬರಿರುವ ಬಳೆ ಕ್ಲಚ್ಚು. ಸ್ಕ್ರೂ ಕೂತ ಕೂಡಲೇ ಕಟಕಟ ಸದ್ದು ಮಾಡಿ ಬಿಟ್ಟುಬಿಡುತ್ತದೆ. ಮೊದಲು 5ಕ್ಕೆ ಇಟ್ಟು ನೋಡಿ, ಸ್ಕ್ರೂ ಪೂರ್ತಿ ಇಳಿಯದಿದ್ದರೆ ಏರಿಸುತ್ತಾ ಹೋಗಿ. ಹಲಗೆಯ ಅಂಚಿನಲ್ಲಿ ಸಣ್ಣ ಬಿಟ್ಟಿನಿಂದ ದಾರಿ ಮಾಡಿಯೇ ಸ್ಕ್ರೂ ಹಾಕಿ, ಇಲ್ಲದಿದ್ದರೆ ಹಲಗೆ ಸೀಳುತ್ತದೆ. ಜೂನ್ ಬಂದರೆ ಬಿಟ್ಟುಗಳಿಗೆ ತುಕ್ಕು ಹಿಡಿಯುತ್ತದೆ, ಎಣ್ಣೆ ಒರೆಸಿದ ಬಟ್ಟೆಯಲ್ಲಿ ಸುತ್ತಿಡಿ.

ಮಾಡ್ಯುಲರ್ ಕಿಚನ್ ಫಿಟ್ಟಿಂಗ್ ಕೆಲಸ ಸ್ವಂತವಾಗಿ ಶುರು ಮಾಡುತ್ತಿದ್ದೇನೆ. ಇಷ್ಟು ದಿನ ಮೇಸ್ತ್ರಿಯ ಡ್ರಿಲ್ಲೇ ಬಳಸುತ್ತಿದ್ದೆ. ಬಜೆಟ್ 15,000. ಎಲ್ಲರೂ ಇಂಪ್ಯಾಕ್ಟ್ ತಗೋ ಅಂತಾರೆ, ಅಂಗಡಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ತೋರಿಸ್ತಾರೆ. ಬ್ರಷ್‌ಲೆಸ್ಸಿಗೆ ಜಾಸ್ತಿ ಕೊಡಬೇಕಾ ಸರ್? (ತುಮಕೂರು)

ತಮ್ಮಾ, ಸ್ವಂತ ಕೆಲಸಕ್ಕೆ ಇಳಿದಿದ್ದೀಯ, ಒಳ್ಳೆಯದಾಗಲಿ.

ಇಂಪ್ಯಾಕ್ಟ್ ಅನ್ನೋ ಒಂದೇ ಮಾತಿನಲ್ಲಿ ಎರಡು ಯಂತ್ರ ಸೇರಿಹೋಗಿವೆ. ಇಂಪ್ಯಾಕ್ಟ್ ಡ್ರಿಲ್ ಅಂದರೆ ಹ್ಯಾಮರ್ ಡ್ರಿಲ್, ಮುಂದಕ್ಕೆ ಹೊಡೆಯುತ್ತಾ ಗೋಡೆ ಕೊರೆಯೋದು. ಇಂಪ್ಯಾಕ್ಟ್ ಡ್ರೈವರ್ ಅಂದರೆ ಗಿಡ್ಡ ಮೂತಿಯದ್ದು, ಮೂರು ದವಡೆಯ ಚಕ್ಕಿನ ಬದಲು ಕಾಲಿಂಚಿನ ಆರುಮೂಲೆಯ ಬಿಟ್ ಸಿಗಿಸೋದು. ಅದು ತಿರುಗುವ ದಿಕ್ಕಿಗೇ ಹೊಡೆಯುತ್ತದೆ. ಉದ್ದ ಸ್ಕ್ರೂ, ಬೋಲ್ಟು ಬಿಗಿಯೋಕೆ ಅದಕ್ಕೆ ಸಮ ಇಲ್ಲ. ಆದರೆ ಅದಕ್ಕೆ ನಂಬರಿನ ಕ್ಲಚ್ಚಿಲ್ಲ. ಕಿಚನ್ ಡಬ್ಬಿಗಳು ಎಷ್ಟೋ ಕಡೆ ಪಾರ್ಟಿಕಲ್ ಬೋರ್ಡಿನವು, ಎಂಡಿಎಫಿನವು, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆಯವು. ಹಿಂಜಿನ ಸಣ್ಣ ಸ್ಕ್ರೂಗೆ ಡ್ರೈವರ್ ಹಚ್ಚಿ ಕೈ ಸ್ವಲ್ಪ ತಡವಾದರೂ ಬೋರ್ಡಿನ ಹಿಡಿತ ಹರಿದು ಸ್ಕ್ರೂ ಸುಮ್ನೆ ಸುತ್ತುತ್ತದೆ. ಆಮೇಲೆ ಆ ಬಾಗಿಲು ಎಂದೂ ನೆಟ್ಟಗೆ ನಿಲ್ಲುವುದಿಲ್ಲ, ಮನೆಯವರು ಫೋನ್ ಮಾಡೋದು ನಿನಗೇ.

ಹಾಗಾಗಿ ಮೊದಲ ಯಂತ್ರ ಕ್ಲಚ್ಚಿರುವ 18 ವೋಲ್ಟಿನ ಡ್ರಿಲ್ ಡ್ರೈವರ್, ಹ್ಯಾಮರ್ ಕೂಡ ಇದ್ದರೆ ಬ್ಲಾಕ್ ಗೋಡೆಗೆ ಡಬ್ಬಿ ತೂಗು ಹಾಕೋಕೂ ಆಗುತ್ತದೆ. ಹಿಂಜಿನ 35 ಎಂಎಂ ಬಟ್ಟಲು ತೋಡುವ ಬಿಟ್ಟಿಗೂ ಇದೇ ಸರಿ. ಬ್ರಷ್‌ಲೆಸ್ ನಿನಗೆ ಖಂಡಿತ ಬೇಕು. ಹಳೆ ಬಗೆಯ ಮೋಟರಿನಲ್ಲಿ ಕಾರ್ಬನ್ ಉಜ್ಜುತ್ತಾ ಸವೆಯುತ್ತದೆ, ಬಿಸಿಯಾಗುತ್ತದೆ. ಬ್ರಷ್‌ಲೆಸ್ಸಿನಲ್ಲಿ ಆ ಉಜ್ಜುವಿಕೆಯೇ ಇಲ್ಲ, ಅದೇ ಚಾರ್ಜಿನಲ್ಲಿ ಜಾಸ್ತಿ ಸ್ಕ್ರೂ ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ ತೆಗೆಯುವ ಮನೆಯವರಿಗೆ ಆ ದುಡ್ಡು ದಂಡ, ದಿನವಿಡೀ ಹಿಡಿಯುವ ನಿನಗೆ ಅಲ್ಲ. ಎರಡು ಬ್ಯಾಟರಿ, ಚಾರ್ಜರ್ ಸೇರಿ ನಿನ್ನ ಬಜೆಟ್ಟಿನ ಹತ್ತಿರಕ್ಕೇ ಸಿಗುತ್ತದೆ.

ಇನ್ನೊಂದು ವಿಷಯ ಗಮನ ಇಟ್ಟು ಕೇಳು. ನೀನು ಕೊಳ್ಳುತ್ತಿರೋದು ಡ್ರಿಲ್ ಅಲ್ಲ, ಬ್ಯಾಟರಿಯ ಮನೆತನ. ನಾಳೆ ಇಂಪ್ಯಾಕ್ಟ್ ಡ್ರೈವರ್, ಜಿಗ್ ಸಾ ತಗೊಳ್ಳುವಾಗ ಬ್ಯಾಟರಿ ಇಲ್ಲದ ಬರೀ ಯಂತ್ರ ಕೊಂಡರೆ ದುಡ್ಡು ಎಷ್ಟೋ ಉಳಿಯುತ್ತದೆ, ಆದರೆ ಅದೇ ಮನೆತನದ್ದಾಗಿರಬೇಕು. ಕಂಪನಿ ಒಂದೇ ಆದರೆ ಸಾಲದು. ಬಾಷ್‌ನಲ್ಲಿ ನೀಲಿ ಬಣ್ಣದ ಯಂತ್ರದ ಬ್ಯಾಟರಿ ಹಸಿರು ಬಣ್ಣದ್ದಕ್ಕೆ ಕೂರುವುದಿಲ್ಲ. ಮಕಿಟಾದಲ್ಲಿ ಎಲ್‌ಎಕ್ಸ್‌ಟಿ ಬೇರೆ, ಜಿ ಸರಣಿ ಬೇರೆ. ಎರಡೂ 18 ವೋಲ್ಟೇ.

ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಒಂದು ದಿನ ಹೋಗಿ ಕೈಯಲ್ಲಿ ಹಿಡಿದು ನೋಡಿ ತಗೋ. ಉದ್ದದ ಬಿಟ್ ಸಿಗಿಸಿ ನಿಧಾನವಾಗಿ ತಿರುಗಿಸು, ತುದಿ ಓಲಾಡಿದರೆ ಇನ್ನೊಂದು ಡಬ್ಬಿ ಒಡೆಸು. ಜಿಎಸ್‌ಟಿ ಬಿಲ್ ಕೇಳು. ನಾನು ಹಿಂದೆ ಒಂದು ಅಂಗಡಿಯಲ್ಲಿ ನಾನೂರು ರೂಪಾಯಿ ಉಳಿಯುತ್ತದೆ ಅಂತ ಬಿಲ್ಲಿಲ್ಲದೆ ತಗೊಂಡೆ. ಐದು ತಿಂಗಳಿಗೆ ಟ್ರಿಗರ್ ಸ್ವಿಚ್ ಹೋಯಿತು. ಸರ್ವಿಸ್ ಸೆಂಟರಿನಲ್ಲಿ ಕೇಳಿದ ಮೊದಲ ಮಾತೇ ಬಿಲ್ ಎಲ್ಲಿ ಅಂತ, ರಿಪೇರಿಗೆ ಕೈಯಿಂದ ಕೊಡಬೇಕಾಯಿತು. ತುಮಕೂರಿಗೆ ಹತ್ತಿರದ ಸರ್ವಿಸ್ ಸೆಂಟರ್ ಯಾವ ಕಂಪನಿಯದ್ದು ಅನ್ನೋದನ್ನೂ ಮೊದಲೇ ವಿಚಾರಿಸು. ಯಂತ್ರ ಹತ್ತು ದಿನ ಕೈಯಲ್ಲಿಲ್ಲ ಅಂದರೆ ಹತ್ತು ದಿನ ಕೆಲಸ ಇಲ್ಲ.

ಎರಡು ವರ್ಷ ಬೀರುವಿನಲ್ಲಿಟ್ಟಿದ್ದ ಡ್ರಿಲ್ ಈಗ ಚಾರ್ಜೇ ಆಗುತ್ತಿಲ್ಲ. (ಹಾಸನ)

ಖಾಲಿ ಬ್ಯಾಟರಿಯನ್ನೇ ಇಟ್ಟಿದ್ದೀರಿ ಅನಿಸುತ್ತದೆ. ಲಿಥಿಯಂ ಸೆಲ್ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಕೂತರೆ ಸಾಯುತ್ತದೆ. ಬೇರೆ ಚಾರ್ಜರಿನ ವೈರ್ ನೇರ ಕೊಟ್ಟು ಎಬ್ಬಿಸುವ ವಿಡಿಯೋಗಳನ್ನು ನೋಡಿ ಮಾಡಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಹೊಸ ಬ್ಯಾಟರಿ ತಗೊಳ್ಳಿ, ಅರ್ಧ ಚಾರ್ಜಿನಲ್ಲಿ ಡ್ರಿಲ್ಲಿನಿಂದ ಬಿಡಿಸಿ ತಣ್ಣಗಿನ ಜಾಗದಲ್ಲಿಡಿ, ಮೂರು ತಿಂಗಳಿಗೊಮ್ಮೆ ನೋಡಿ. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಇ-ಕಸ ತಗೊಳ್ಳುವವರಿಗೆ ಕೊಡಿ.

ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಮುಂದಿನ ತಿಂಗಳು ಬರುತ್ತಾನೆ. ಅಲ್ಲಿ 20 ವೋಲ್ಟಿನ ಡ್ರಿಲ್ ಅಗ್ಗ, ತರಲಾ ಅಮ್ಮಾ ಅಂತ ಕೇಳ್ತಿದ್ದಾನೆ. ಮನೆಯ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ತರಿಸಲಾ? (ದಾವಣಗೆರೆ)

ಅಮ್ಮಾ, ಡ್ರಿಲ್ಲಿಗೆ ತೊಂದರೆ ಇಲ್ಲ, ಅಲ್ಲಿನ 20 ವೋಲ್ಟ್ ಅಂದರೆ ನಮ್ಮ 18 ವೋಲ್ಟೇ. ತೊಂದರೆ ಇರೋದು ಚಾರ್ಜರಿನಲ್ಲಿ. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230. ಡ್ರಿಲ್ಲಿನ ಚಾರ್ಜರುಗಳು ಫೋನ್ ಚಾರ್ಜರಿನ ಹಾಗಲ್ಲ, ಅಲ್ಲಿ ಮಾರುವವು ಎಷ್ಟೋ 120ಕ್ಕೆ ಮಾತ್ರ ಮಾಡಿದವು. ನಮ್ಮ ಪ್ಲಗ್ಗಿಗೆ ಸಿಗಿಸಿದ ಕ್ಷಣ ಸುಟ್ಟುಹೋಗುತ್ತದೆ. ಪಿನ್ ಬದಲಾಯಿಸುವ ಅಡಾಪ್ಟರ್ ಹಾಕಿದರೂ ವೋಲ್ಟ್ ಇಳಿಯುವುದಿಲ್ಲ. ಇಲ್ಲಿ ವಾರಂಟಿಯೂ ಸಿಗೋದು ಕಷ್ಟ. ನಿಮ್ಮ ಕೆಲಸಕ್ಕೆ ಇಲ್ಲೇ ಒಂದು 12 ವೋಲ್ಟಿನದು ತಗೊಂಡರೆ ಹಗುರ, ಕೈಗೂ ಹಿತ ಅಂತ ನನಗನಿಸುತ್ತದೆ.

ತಂದೇ ತರುತ್ತಾನೆ ಅಂದರೆ ಎರಡು ಮಾತು ಹೇಳಿ. ಡ್ರಿಲ್ಲನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಬೇಕು, ಬಿಡಿ ಬ್ಯಾಟರಿಗಳನ್ನು ಅದರಲ್ಲಿ ಹಾಕೋ ಹಾಗಿಲ್ಲ, ಕೈಚೀಲದಲ್ಲೇ ತರಬೇಕು. ಒಂದೊಂದು 100 ವ್ಯಾಟ್ ಅವರ್ ಒಳಗಿರಬೇಕು, 5 ಆಂಪಿಯರ್ ಅವರಿನದ್ದೂ 18 ವೋಲ್ಟಿನ ಲೆಕ್ಕದಲ್ಲಿ 90ರಲ್ಲೇ ನಿಲ್ಲುವುದರಿಂದ ಚಿಂತೆಯಿಲ್ಲ. ತುದಿಗಳಿಗೆ ಟೇಪ್ ಅಂಟಿಸಲಿ. ದುಡ್ಡು ಕೊಡುವ ಮುಂಚೆ ಚಾರ್ಜರಿನ ಹಿಂದಿನ ಚೀಟಿಯ ಫೋಟೋ ತೆಗೆದು ನಿಮಗೆ ಕಳಿಸಲಿ. ಇನ್‌ಪುಟ್ ಅಂತ ಇರುವ ಕಡೆ 100-240 ಇದ್ದರೆ ತರಲಿ, ಬರೀ 120 ಇದ್ದರೆ ಅಲ್ಲೇ ಬಿಟ್ಟು ಬರಲಿ.