ಗಾಮಾ ಕಿರಣ ಆಕರಗಳ ಕುರಿತ ನಿಮ್ಮ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯ ಲೇಖಕರೇ,

ಆಕಾಶದಲ್ಲಿ ಗಾಮಾ ಕಿರಣ ಸೂಸುವ, ಆದರೆ ಏನೆಂದು ಗುರುತು ಸಿಗದ ಆಕರಗಳನ್ನು ರೇಡಿಯೊ ಸಮೀಕ್ಷೆಗಳ ನೆರವಿನಿಂದ ಪತ್ತೆಹಚ್ಚುವ ಬಗೆಗೆ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ವಿಷಯ ನನಗೂ ಪ್ರಿಯವಾದುದರಿಂದ ಕಾರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ತೊಡಕಿರುವುದು ಮೂರನೆಯ ಪುಟದಲ್ಲಿ. ಗಾಮಾ ಆಕರದ ವಲಯದೊಳಗೆ ರೇಡಿಯೊ ಆಕರವೊಂದು ಕಂಡರೆ ಗುಟ್ಟು ಬಯಲಾದಂತೆಯೇ ಎಂದಿದ್ದೀರಿ. 2008ರಲ್ಲಿ ಉಡಾವಣೆಗೊಂಡ ಫರ್ಮಿ ಗಾಮಾ ಕಿರಣ ದೂರದರ್ಶಕದ ನೋಟ ಅಷ್ಟು ಚುರುಕಲ್ಲ. ಮಂದವಾದ ಆಕರದ ಸ್ಥಾನ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಆಚೀಚೆ ಇರುವುದು ಸಾಮಾನ್ಯ. ಅಷ್ಟು ತ್ರಿಜ್ಯದ ವೃತ್ತವನ್ನು ಎಳೆದು ನೀವೇ ಲೆಕ್ಕ ಹಾಕಿ. ಎನ್‌ವಿಎಸ್‌ಎಸ್ ಎಂಬ ರೇಡಿಯೊ ಸಮೀಕ್ಷೆಯಲ್ಲಿ ಚದರ ಡಿಗ್ರಿಗೆ ಸುಮಾರು 50 ಆಕರಗಳಿವೆ. ಹಾಗಾಗಿ ಗಾಮಾ ಕಿರಣಕ್ಕೆ ಯಾವ ಸಂಬಂಧವೂ ಇಲ್ಲದ ಒಂದೆರಡು ಚುಕ್ಕೆಗಳು ಸರಾಸರಿ ಲೆಕ್ಕದಲ್ಲಿ ಆ ವೃತ್ತದೊಳಗೆ ಆಕಸ್ಮಿಕವಾಗಿಯೇ ಬಿದ್ದಿರುತ್ತವೆ. ಅಲ್ಲಿ ಚುಕ್ಕೆ ಕಂಡರೆ ಅಚ್ಚರಿಯೇನಿಲ್ಲ.

ಆದ್ದರಿಂದ ಕೇಳಬೇಕಾದುದು ಆ ಚುಕ್ಕೆ ಎಂಥದು ಎಂಬುದನ್ನು. ದೈತ್ಯ ಕಪ್ಪುಕುಳಿಯಿಂದ ನಮ್ಮತ್ತಲೇ ಚಿಮ್ಮುವ ಧಾರೆಯುಳ್ಳ ಬ್ಲೇಜಾರ್‌ನ ರೇಡಿಯೊ ಪ್ರಖರತೆ ಕಂಪನಾಂಕ ಏರಿದಂತೆ ಹೆಚ್ಚು ಕುಗ್ಗುವುದಿಲ್ಲ. ವೇಗವಾಗಿ ತಿರುಗುತ್ತ ಕ್ರಮಬದ್ಧವಾಗಿ ಮಿಡಿಯುವ ನ್ಯೂಟ್ರಾನ್ ನಕ್ಷತ್ರವಾದ ಪಲ್ಸಾರ್ ಆದರೋ ಕಡಿಮೆ ಕಂಪನಾಂಕದಲ್ಲಿ ಪ್ರಖರವಾಗಿದ್ದು ಮೇಲಕ್ಕೆ ಹೋದಂತೆ ತಟಕ್ಕನೆ ಮಂಕಾಗುತ್ತದೆ. ಪುಣೆಯ ಸಮೀಪದ ರೇಡಿಯೊ ದೂರದರ್ಶಕ ಜಿಎಂಆರ್‌ಟಿ 150 ಮೆಗಾಹರ್ಟ್ಸ್‌ನಲ್ಲಿ ನಡೆಸಿದ ಸಮೀಕ್ಷೆಯನ್ನು 1400 ಮೆಗಾಹರ್ಟ್ಸ್‌ನ ಎನ್‌ವಿಎಸ್‌ಎಸ್ ಜೊತೆ ಹೋಲಿಸಿದರೆ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಇಷ್ಟಾದರೂ ಅದು ಸುಳಿವು ಮಾತ್ರ. ಕ್ರಮಬದ್ಧವಾದ ಮಿಡಿತ ಸಿಕ್ಕ ಮೇಲಷ್ಟೇ ಪಲ್ಸಾರ್ ಎನ್ನಬಹುದು. ಗುರುತಿಲ್ಲದ ಫರ್ಮಿ ಆಕರಗಳತ್ತ ಜಿಎಂಆರ್‌ಟಿಯನ್ನು ತಿರುಗಿಸಿ ಹುಡುಕಿದವರಿಗೆ, ಕೆಲವೇ ಮಿಲಿಸೆಕೆಂಡಿಗೊಮ್ಮೆ ಮಿಡಿಯುವ, ಮಿಲಿಸೆಕೆಂಡ್ ಪಲ್ಸಾರ್‌ಗಳು ದೊರೆತದ್ದು ಹೀಗೆ ಮಿಡಿತವನ್ನೇ ಅರಸಿದ್ದರಿಂದ. ಲೇಖನದ ಜೀವಾಳವಾದ ಈ ಭಾಗಕ್ಕೆ ನೀವು ಕೊಟ್ಟಿರುವುದು ಎರಡು ಸಾಲು. ಗಾಮಾ ಕಿರಣದ ಪೀಠಿಕೆಗೆ ಒಂದು ಇಡೀ ಪುಟ.

ಜೆಮಿಂಗಾದ ಹೆಸರೇ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. 1970ರ ದಶಕದಲ್ಲಿಯೇ ಗಾಮಾ ಕಿರಣದಲ್ಲಿ ಕಂಡ ಈ ಪ್ರಖರ ಆಕರ ರೇಡಿಯೊದಲ್ಲಿ ಬಹುತೇಕ ಮೌನವಾಗಿತ್ತು. 1992ರಲ್ಲಿ ಕ್ಷಕಿರಣದಲ್ಲಿ ಸುಮಾರು 237 ಮಿಲಿಸೆಕೆಂಡಿನ ಮಿಡಿತ ಸಿಕ್ಕಾಗಲೇ ಅದು ಪಲ್ಸಾರ್ ಎಂದು ಖಚಿತವಾಯಿತು. ರೇಡಿಯೊ ಸಮೀಕ್ಷೆಯ ಮಿತಿಯನ್ನು ಹೇಳಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಮಸುಕಾದ ಗಾಮಾ ಕಲೆಯನ್ನೂ ಚೂಪಾದ ರೇಡಿಯೊ ಚುಕ್ಕೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಎರಡನೆಯ ಪ್ಯಾರಾ ನಿಜಕ್ಕೂ ಸೊಗಸಾಗಿದೆ. ಅದರಿಂದಲೇ ಲೇಖನ ಆರಂಭವಾಗಲಿ, ವೃತ್ತದ ಲೆಕ್ಕ ಅದರ ಬೆನ್ನಿಗೇ ಬರಲಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಇತಿ,
ಸಂಪಾದಕ