ಬಾಬ್‌ಸ್ಲೆಡ್‌ನ್ಯಾಗ ಗೋಣು ಕೆಳಗ ಹಾಕಬ್ಯಾಡ್ರಿ

ಅಮೆರಿಕಕ್ಕ ಹೊಂಟೀರಿ, ಬಾಬ್‌ಸ್ಲೆಡ್ ಅಂದ್ರ ಐಸಿನ ಇಳಿಜಾರು ಟ್ರ್ಯಾಕಿನ್ಯಾಗ ಜಾರೋ ಬಂಡಿ, ಅದರ ಸವಾರಿಗೆ ಟಿಕೆಟ್ ತಗಿಸೀರಿ, ಹೆದರಿಕಿ ಆದ್ರ ಕಣ್ಣು ಮುಚ್ಚಿ ಕುಂತ್ರ ನಡೀತೈತೇನು ಅಂತ ಕೇಳೀರಿ. ಹೋಗೂಕಿಂತ ಮೊದಲ ನೃಪತುಂಗ ಬೆಟ್ಟದ ರಸ್ತೆಯಾಗ ಸ್ಕೇಟ್‌ಬೋರ್ಡ್ ಮ್ಯಾಲ ಮಲಗಿ ರೂಢಿ ಮಾಡ್ಕೋತೇನಿ ಅಂತನೂ ಬರದೀರಿ. ಓದಿದ ಕೂಡ್ಲೆ ನನ್ನ ಗೋಣಿನಾಗ ಹಳೆ ನೋವು ಎದ್ದಂಗ ಆತು.

ನಾವು ಹುಬ್ಬಳ್ಳಿ ಉಣಕಲ್ ಕಡೆಯವ್ರು. ಸಣ್ಣವರಿದ್ದಾಗ ಗ್ಯಾರೇಜಿನಿಂದ ಹಳೆ ಬೇರಿಂಗ್ ಬೇಡಿ ತಂದು, ಹಲಗಿಗೆ ಮೊಳಿ ಹೊಡದು ಗಾಡಿ ಮಾಡಿ, ಅದ ಬೆಟ್ಟದ ಉತಾರದಾಗ ಬಿಡ್ತಿದ್ವಿ. ಗೋಣು ಮೊಣಕಾಲ ನಡುವ ತುರುಕಿ ಮುದುರಿ ಕುಂತ್ರ ಗಾಳಿ ತಡೀತಿರಲಿಲ್ಲ, ಗಾಡಿ ಜೋರು ಓಡ್ತಿತ್ತು. ಬ್ರೇಕ್ ಅಂದ್ರ ಚಪ್ಪಲಿ ಹಿಮ್ಮಡ. ಆ ರೂಢಿ ಮೈಯಾಗ ಕುಂತುಬಿಟ್ಟಿತ್ತು.

ಮುಂದ ಕಂಪನಿ ಕೆಲಸಕ್ಕ ಅಮೆರಿಕದ ಯೂಟಾ ರಾಜ್ಯಕ್ಕ ಹೋದೆ. 2002ರ ಚಳಿಗಾಲದ ಒಲಿಂಪಿಕ್ಸ್ ನಡೆದ ಟ್ರ್ಯಾಕ್ ಅಲ್ಲೆ ಪಾರ್ಕ್ ಸಿಟಿಯಾಗ ಐತಿ, 15 ತಿರುವು. ಮುಂದ ಪೈಲಟ್, ಹಿಂದ ನಾವು ಮೂರು ಮಂದಿ. ಆತ ಎರಡೆರಡು ಸಲ ಹೇಳಿದ: ಬೆನ್ನು ನೆಟ್ಟಗ ಇಡ್ರಿ, ಭುಜ ಕಿವಿತನಕ ಎತ್ತಿ ಹೆಲ್ಮೆಟ್ಟಿಗೆ ಆಸರ ಕೊಡ್ರಿ. ಹೂಂ ಅಂದೆ. ಮೊದಲ ಎರಡು ತಿರುವು ಜೋಕಾಲಿ ಇದ್ದಂಗ. ಆಮ್ಯಾಲ ವೇಗ ಏರಿತು, ಐಸಿಗೆ ಉಕ್ಕು ಉಜ್ಜೋ ಸಪ್ಪಳ ಹಲ್ಲಿನ ತನಕ ಬಂತು, ನಾನು ಬೇರಿಂಗ್ ಗಾಡಿಯಾಗ ಹಾಕಿದಂಗ ಗೋಣು ಕೆಳಗ ಹಾಕಿದೆ.

ಮುಂದಿನ ತಿರುವಿನ್ಯಾಗ ಎತ್ತಾಕ ಬರಲಿಲ್ಲ. ಯಾಕಂತ ಬಿಡಿಸಿ ಹೇಳ್ತೇನಿ, ಯಾಕಂದ್ರ ಇದೊಂದ ತಿಳ್ಕೊಂಡಿದ್ರ ನನ್ನ ಸವಾರಿ ಉಳೀತಿತ್ತು. ದೊಡ್ಡ ತಿರುವಿನ್ಯಾಗ ಮೈಮ್ಯಾಲ 5 ಜಿ ತನಕ, ಅಂದ್ರ ನಮ್ಮ ತೂಕದ ಐದು ಪಟ್ಟು, ಒತ್ತಡ ಬೀಳ್ತೈತಿ. 60 ಕಿಲೋ ಮನುಷ್ಯಾ ಆ ಗಳಿಗ್ಯಾಗ 300 ಕಿಲೋ. ತಲಿ ಒಂದ ಸುಮಾರು 5 ಕಿಲೋ ಇರ್ತೈತಿ, ಅದು 25 ಕಿಲೋ ಆತು, ಅರ್ಧ ಸಿಮೆಂಟ್ ಚೀಲ. ಹೆಲ್ಮೆಟ್ ಭಾರ ಬ್ಯಾರೆ. ತುಂಬಿದ ಕೊಡ ತಲಿಮ್ಯಾಲ ಹೊರೋದು ಬ್ಯಾರೆ, ಕೈ ಚಾಚಿ ಹಿಡಿಯೋದು ಬ್ಯಾರೆ. ಗೋಣು ನೆಟ್ಟಗಿದ್ರ ಭಾರ ಬೆನ್ನೆಲುಬಿನ ಮ್ಯಾಲ ಕುಂದರ್ತೈತಿ, ಬಾಗಿದ್ರ ಎಲ್ಲಾ ಹಿಂಭಾಗದ ಸ್ನಾಯುಗಳಿಗೆ ಜೋತು ಬೀಳ್ತೈತಿ. ನೇರ ದಾರಿ ಸಿಕ್ಕಾಗ ಎರಡು ಬೆರಳಷ್ಟು ಎತ್ತತಿದ್ದೆ, ಅಷ್ಟರಾಗ ಮುಂದಿನ ತಿರುವು ಬಂದು ತುಳೀತಿತ್ತು. ಕಂಡದ್ದು ನನ್ನ ಬೂಟಿನ ಲೇಸಿನ ಗಂಟು ಅಷ್ಟ.

ದಿಕ್ಕೂ ತಪ್ಪಿತು. ಬಂಡಿ ಗೋಡಿ ಮ್ಯಾಲ ಅಡ್ಡ ಹತ್ತಿರ್ತೈತಿ, ಆದ್ರ ತಿರುವಿನ ಒತ್ತಡ, ಭೂಮಿ ಎಳೆತ ಎರಡೂ ಕೂಡಿ ಸೀಟಿನ ಕಡೆನ ಒತ್ತೋದ್ರಿಂದ ಕಿವಿಯೊಳಗಿನ ಸಮತೋಲದ ಅಂಗಕ್ಕ ನೆಟ್ಟಗ ಕುಂತೇವಿ ಅಂತನ ಅನಸ್ತೈತಿ. ಸುಳ್ಳು ತಿದ್ದೂದು ಕಣ್ಣು. ನನ್ನ ಕಣ್ಣು ಬೂಟಿನ ಮ್ಯಾಲಿತ್ತು. ಎಡಕ್ಕ ಹೊಂಟೇವೋ ಬಲಕ್ಕೋ ತಿಳೀಲಿಲ್ಲ. ಇಳಿದ ಮ್ಯಾಲೂ ನೆಲ ತಿರುಗೋದು ನಿಂದರಲಿಲ್ಲ. ಮೂರು ವಾರ ಗೋಣು ಹೊಳ್ಳಿಸಾಕ ಆಗದ, ಹಿಂದಿನವರು ಕರೆದ್ರ ಇಡೀ ಮೈ ತಿರುಗಸ್ತಿದ್ದೆ.

ಅದಕ್ಕ ಹೆದರಿಕಿ ಹೆಂಗ ಕಳೀಬೇಕು ಅನ್ನೋ ಪ್ರಶ್ನೆನ ಬಿಡ್ರಿ. ಒಂದು ನಿಮಿಷದ ಆಟದಾಗ ಹೆದರಾಕ ಪುರುಸೊತ್ತಿಲ್ಲ. ಇಂಥಾ ಐಸಿನ ಟ್ರ್ಯಾಕಿನ್ಯಾಗನ ಸಣ್ಣ ಬಂಡಿ ಮ್ಯಾಲ ಜಾರೋ ಲೂಜ್ ಆಟಗಾರರನ್ನ ನೋಡ್ರಿ: ಕಾಲು ಮುಂದ ಮಾಡಿ ಅಂಗಾತ ಮಲಗಿ ತಾಸಿಗೆ 130 ಕಿಲೋಮೀಟರ್‌ಗೂ ಮ್ಯಾಲ ಹೋಗ್ತಾರ, ಬ್ರೇಕ್ ಇಲ್ಲ, ಮೀನಖಂಡದಿಂದ ಒತ್ತಿ ತಿರುಗಸ್ತಾರ. ಅವರು ಕಣ್ಣು ಮುಚ್ಚತಾರ, ಖರೆ, ಆದ್ರ ಓಟಕ್ಕಿಂತ ಮೊದಲ, ನೆಲದ ಮ್ಯಾಲ ನಿಂತು, ಒಂದೊಂದು ತಿರುವನ್ನೂ ಕೈಯಿಂದ ಗಾಳಿಯಾಗ ಬರಕೋತ. ನೀವೂ ಟ್ರ್ಯಾಕಿನ ನಕಾಶೆ ತಗದು 15 ತಿರುವು ಎಡ-ಬಲ ಬಾಯಿಪಾಠ ಮಾಡ್ರಿ.

ಬೆಟ್ಟದ ರಸ್ತೆಯಂತೂ ಬ್ಯಾಡ ಅಂದ್ರ ಬ್ಯಾಡ. 1998ರಿಂದ 2018ರ ತನಕ ಆರು ಒಲಿಂಪಿಕ್ಸ್ ಆಡಿದ ನಮ್ಮ ದೇಶದ ಲೂಜ್ ಆಟಗಾರ ಶಿವ ಕೇಶವನ್ ಹಿಮಾಲಯದ ರಸ್ತೆಯಾಗ ಗಾಲಿ ಹಾಕಿ ತಯಾರಿ ಮಾಡಿದ್ದು ಬ್ಯಾರೆ ಹಾದಿ ಇರಲಿಲ್ಲ ಅಂತ. ಐಸಿನ ಟ್ರ್ಯಾಕಿನ್ಯಾಗನ, 2010ರಾಗ ವ್ಯಾಂಕೂವರ್ ಒಲಿಂಪಿಕ್ಸ್ ಶುರುವಾಗೋ ದಿನ ತಯಾರಿ ಓಟದಾಗ, ಜಾರ್ಜಿಯಾ ದೇಶದ 21 ವರ್ಷದ ಲೂಜ್ ಆಟಗಾರ ನೋದಾರ್ ಕುಮಾರಿತಾಶ್ವಿಲಿ ಟ್ರ್ಯಾಕಿನಿಂದ ಹಾರಿ ಉಕ್ಕಿನ ಕಂಬಕ್ಕ ಬಡದು ತೀರಿಕೊಂಡ. ನಿಮ್ಮ ಹುಡುಗಾಟಕ್ಕ ಎದುರಿಗೆ ಬರೋ ಟಂಟಂ ಗಾಡಿ ಸಾಕು.

ಗೋಣು, ಬೆನ್ನಿನ ತ್ರಾಸ ಇದ್ರ ಟಿಕೆಟ್ ವಾಪಸ್ ಮಾಡ್ರಿ. ಇಲ್ಲಂದ್ರ ಭುಜ ಎತ್ತಿ, ಪೈಲಟ್‌ನ ಹೆಲ್ಮೆಟ್ಟಿನ ಆಚೆ ನೋಡ್ರಿ. ಬಂದ ಮ್ಯಾಲ ಇಲ್ಲೆ ಬರೀರಿ, ದೊಡ್ಡ ತಿರುವಿನ್ಯಾಗ ಐಸಿನ ಗೋಡಿ ಹೆಂಗ ಕಾಣ್ತೈತಿ ಅಂತ. ನಾನು ಅದರ ಮ್ಯಾಲ ಹೋಗಿ ಬಂದೇನಿ, ನೋಡಿಲ್ಲ.