ಗೆಳತಿಯ ಮೆಂತ್ಯ, ನನ್ನ ಗುಳಿಗೆ

ಓದುಗರ ಪ್ರಶ್ನೆ, ಅಕ್ಕನ ಉತ್ತರ

(ಉತ್ತರಿಸುವವರು ಸರ್ಕಾರಿ ದವಾಖಾನೆಯಲ್ಲಿ 31 ವರ್ಷ ಫಾರ್ಮಸಿಸ್ಟ್ ಆಗಿದ್ದು, ಈಗ ಧಾರವಾಡದಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದಾರೆ.)

ಪ್ರಶ್ನೆ: ಅಕ್ಕಾವರೇ, ನಾನು 1984ರಲ್ಲಿ ಗದಗಿನಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವಳು. ಕಳೆದ ದೀಪಾವಳಿಗೆ ನಮ್ಮ ವರ್ಗದ ಇಪ್ಪತ್ತಾರು ಜನ ಮತ್ತೆ ಕೂಡಿದೆವು, ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡೆವು. ಮೊದಲ ತಿಂಗಳು ಗಣಿತದ ಮಾಸ್ತರರ ಛಡಿಯೇಟಿನ ನೆನಪು, ಹಳೆಯ ಫೋಟೋಗಳು. ಈಗ ಬೆಳಗಾದರೆ ಕಷಾಯ, ರಸ, ಉಪವಾಸ. ನನ್ನ ಬೆಂಚಿನ ಗೆಳತಿ ಹುಬ್ಬಳ್ಳಿಯಲ್ಲಿದ್ದಾಳೆ. ಇಬ್ಬರಿಗೂ ಸಕ್ಕರೆ ಕಾಯಿಲೆ. ರಾತ್ರಿ ನೆನೆಸಿದ ಮೆಂತ್ಯ ತಿಂದು, ಮುಂಜಾನೆ ಹನ್ನೊಂದರವರೆಗೆ ಬೇರೇನೂ ತಿನ್ನದೆ ಇದ್ದು ತನ್ನ ಶುಗರ್ ಹತೋಟಿಗೆ ಬಂತು ಎಂದಳು. ನಾನೂ ಹಾಗೆಯೇ ಮಾಡಿದೆ. ಗುಳಿಗೆ ಮಾತ್ರ ಎಂದಿನಂತೆ ಎಂಟಕ್ಕೇ ನುಂಗಿದೆ. ಎಂಟನೆಯ ದಿನ ಟಾಂಗಾಕೂಟದ ಹತ್ತಿರ ಕಾಯಿಪಲ್ಲೆ ಕೊಳ್ಳುವಾಗ ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾಯಿತು. ಕಾಯಿಪಲ್ಲೆ ಮಾರುವಾಕೆ ಕೂಡಿಸಿಕೊಂಡು, ಸಕ್ಕರೆ ಹೆಚ್ಚು ಹಾಕಿಸಿ ಚಹಾ ಕುಡಿಸಿದಳು. ಗುಂಪು ಬಿಟ್ಟುಬಿಡು ಎನ್ನುತ್ತಾನೆ ಮಗ. ನಲವತ್ತು ವರ್ಷಕ್ಕೆ ಸಿಕ್ಕ ಗೆಳತಿಗೆ ಇದನ್ನು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಡಾಕ್ಟರರ ಚೀಟಿಯ ನಕಲು ಇಟ್ಟಿದ್ದೇನೆ.
– ಹೆಸರು ಬೇಡ, ಬೆಟಗೇರಿ

ಉತ್ತರ: ತಂಗೀ, ಮೊದಲ ನಮಸ್ಕಾರ ಆ ಕಾಯಿಪಲ್ಲೆಯಾಕೆಗೆ. ಹೆಸರು ಗೊತ್ತಿಲ್ಲದೆಯೇ ರೋಗಕ್ಕೆ ಸರಿಯಾದ ಮದ್ದು ಕೊಟ್ಟಿದ್ದಾಳೆ. ನೀವು ಬರೆದ ಲಕ್ಷಣಗಳೆಲ್ಲ ಶುಗರ್ ಇಳಿದಾಗಿನವು. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಯಬೇಕು. 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಬೇಕು. ಚೇತರಿಸಿಕೊಂಡ ಮೇಲೆ ರೊಟ್ಟಿಯೋ ಅನ್ನವೋ ಉಣ್ಣಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರ ದವಾಖಾನೆಗೆ ಒಯ್ಯಬೇಕು. ಇನ್ನೊಂದು ಮಾತು: ಆ ಹೊತ್ತಿನಲ್ಲಿ ಪೇಢೆ ತಿನ್ನಿಸಲು ಹೋಗಬೇಡಿ. ಖೋವಾದ ಜಿಡ್ಡಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಧಾರವಾಡದವಳಾಗಿ ಪೇಢೆಯ ಮೇಲೆ ದೂರು ಬರೆಯಬೇಕಾಯಿತಲ್ಲ ಎಂದು ಸಂಕಟವಾಗುತ್ತಿದೆ.

ಈಗ ನಿಮ್ಮ ಚೀಟಿ. ಅದರಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಇದೆ. ಮೆಟ್‌ಫಾರ್ಮಿನ್ ಸಾಧು ಸ್ವಭಾವದ್ದು, ಅದೊಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ನೀವು ಉಂಡಿದ್ದೀರೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಅದಕ್ಕೇ ಅದನ್ನು ದಿನದ ಮೊದಲ ಊಟದ ಜೊತೆಗೆ ತೆಗೆದುಕೊಳ್ಳಿ ಎನ್ನುವುದು. ನೀವು ಎಂಟಕ್ಕೆ ನುಂಗಿ ಹನ್ನೊಂದರವರೆಗೆ ಹೊಟ್ಟೆಯನ್ನು ಖಾಲಿ ಇಟ್ಟಿರಿ. ಮೆಂತ್ಯವೂ ಸಕ್ಕರೆಯನ್ನು ಸ್ವಲ್ಪ ಇಳಿಸುತ್ತದೆ, ಆದರೆ ಇಲ್ಲಿ ಅದರ ಪಾಲು ಚಿಕ್ಕದು. ದೊಡ್ಡ ಪಾಲು ಗುಳಿಗೆಯ ಮೇಲಿನ ಉಪವಾಸದ್ದು. ಗೆಳತಿಯ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಒಂದೇ ಇದ್ದರೆ ಅವಳಿಗೆ ಈ ಪದ್ಧತಿ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಅವಳು ಸುಳ್ಳು ಹೇಳಲಿಲ್ಲ. ತಾನು ತಿಂದದ್ದನ್ನು ಹೇಳಿದಳು, ನುಂಗಿದ್ದನ್ನು ಹೇಳಲಿಲ್ಲ. ನೀವೂ ಕೇಳಲಿಲ್ಲ.

ಇವತ್ತಿನಿಂದಲೇ ಮುಂಜಾನೆಯ ನಾಷ್ಟಾ ತಪ್ಪಿಸಬೇಡಿ. ಈ ವಾರವೇ ನಿಮ್ಮ ಡಾಕ್ಟರರಿಗೆ ಟಾಂಗಾಕೂಟದ ಪ್ರಸಂಗ ಹೇಳಿ. ಗುಳಿಗೆಯ ಪ್ರಮಾಣವನ್ನು ಅವರು ಬದಲಿಸಲಿ, ನೀವಾಗಿ ಬದಲಿಸಬೇಡಿ. ಪರ್ಸಿನಲ್ಲಿ ಸಕ್ಕರೆಯ ಒಂದು ಪೊಟ್ಟಣ ಇರಲಿ.

ಗುಂಪು ಬಿಡುವ ಮಾತಿಗೆ ಬಂದರೆ, ನಾನು ನಿಮ್ಮ ಮಗನ ಪಕ್ಷದವಳಲ್ಲ. ಕಾರಣ ನನ್ನದೇ ಒಂದು ಉದ್ಧಟತನ. ನಮ್ಮದು 1976ರ ವರ್ಗ. ಅದರಲ್ಲಿ ರೈಲ್ವೆಯಿಂದ ನಿವೃತ್ತನಾದ ಒಬ್ಬ ಗೆಳೆಯ ಬೆಳಗಿನ ಐದೂವರೆಗೆ ತಪ್ಪದೆ ಒಂದು ಮನೆಮದ್ದು ಕಳಿಸುತ್ತಿದ್ದ. ಒಂದು ವಾರವಂತೂ ಬರೀ ಬಾರ್ಲಿ ನೀರು: ಕಾಲು ಬಾತರೆ ಬಾರ್ಲಿ, ಬಾರ್ಲಿ ಕುದಿಸುವ ವಿಧಾನ, ಬಾರ್ಲಿಗೆ ಜೀರಿಗೆ. ಐದನೆಯ ದಿನ ನನ್ನ ತಾಳ್ಮೆ ತಪ್ಪಿತು. "ಕಲಿತವರು ಹೀಗೆ ಊರಿಗೆಲ್ಲ ಔಷಧ ಹಂಚಬಾರದು" ಎಂದು ಎಲ್ಲರೆದುರು ಬರೆದೆ. ಮೂವರು ಹೆಬ್ಬೆರಳು ಎತ್ತಿದರು, ನನಗೆ ಖುಷಿಯೂ ಆಯಿತು. ಅವನು ಅಂದಿನಿಂದ ಬರೆಯಲಿಲ್ಲ.

ಎರಡು ತಿಂಗಳ ಮೇಲೆ ಯಾವುದೋ ಮದುವೆಯಲ್ಲಿ ಸಿಕ್ಕ. ಚಪ್ಪಲಿಯ ಪಟ್ಟಿ ಕಾಲಿಗೆ ಹೂತುಹೋಗಿತ್ತು, ಕಣಕಾಲು ಅಷ್ಟು ಬಾತಿತ್ತು. ಮರುದಿನವೇ ಮನೆಗೆ ಹೋಗಿ ಗುಳಿಗೆಗಳ ಡಬ್ಬಿ ತರಿಸಿದೆ. ಬಿಪಿಗೆಂದು ಒಬ್ಬ ಡಾಕ್ಟರರು ಅಮ್ಲೋಡಿಪಿನ್ ಬರೆದಿದ್ದರು. ಬೇರೆಡೆ ತೋರಿಸಿದಾಗ ಇನ್ನೊಬ್ಬರು ಅದನ್ನೇ ಮತ್ತೊಂದು ಕಂಪನಿಯ ಹೆಸರಿನಲ್ಲಿ ಬರೆದಿದ್ದರು. ಇವನು ಹಳೆಯ ಚೀಟಿ ತೋರಿಸಿರಲಿಲ್ಲ, ಎರಡನ್ನೂ ನುಂಗುತ್ತಿದ್ದ. ಅಮ್ಲೋಡಿಪಿನ್‌ನಿಂದ ಕಾಲು ಬಾಯುವುದುಂಟು, ಪ್ರಮಾಣ ಹೆಚ್ಚಿದಷ್ಟೂ ಅದು ಹೆಚ್ಚು. ಅವನನ್ನು ಕರೆದುಕೊಂಡು ಹೋಗಿ ಡಾಕ್ಟರರಿಗೆ ತೋರಿಸಿದೆ, ಒಂದನ್ನು ನಿಲ್ಲಿಸಿದರು. ಒಂದು ವಾರ ಬಾರ್ಲಿ ಬಾರ್ಲಿ ಎಂದು ಅವನು ಕೂಗಿದ್ದು ತನ್ನದೇ ಕಾಲಿಗಾಗಿ. ಡಬ್ಬಿಯ ಮೇಲಿನ ಹೆಸರು ಓದುವುದೇ ಕೆಲಸವಾಗಿದ್ದ ನಾನು, ಕೇಳಿಸಿಕೊಳ್ಳುವ ಬದಲು ಬೈದು ಕೂಡಿಸಿದೆ.

ಆದ್ದರಿಂದ ಹೇಳಿ ತಂಗೀ, ಗೆಳತಿಗೆ ಹೇಳಿ. ಗುಂಪಿನಲ್ಲಿ ಬೇಡ, ಫೋನಿನಲ್ಲೂ ಬೇಡ. ಗದಗಿನಿಂದ ಹುಬ್ಬಳ್ಳಿ ಅರವತ್ತು ಕಿಲೋಮೀಟರಿನೊಳಗಿನ ದಾರಿ. ನಾಷ್ಟಾ ಮಾಡಿಕೊಂಡೇ ರೈಲು ಹತ್ತಿ. ಉಣ್ಣುವ ಮುಂಚೆ ಇಬ್ಬರ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದೇ ಮೆಂತ್ಯದ ಪದ್ಧತಿಯನ್ನು ಉಳಿದ ಇಪ್ಪತ್ತನಾಲ್ಕು ಜನರೂ ಓದಿದ್ದಾರೆ, ಅವರಲ್ಲಿ ನಿಮ್ಮದೇ ಗುಳಿಗೆ ನುಂಗುವವರು ಇರಬಹುದು. ಅವರಿಗೆ ತಿದ್ದಿ ಬರೆಯುವ ಕೆಲಸ ಅವಳದ್ದೇ. ಅವಳೇ ಬರೆಯಲು ಬಿಡಿ.

ಪ್ರಶ್ನೆ: ಕಾಲೇಜಿನ ಗೆಳೆಯ ಬಹಳ ವರ್ಷಕ್ಕೆ ಮನೆಗೆ ಬಂದ. ನನಗೆ ಬಿಪಿ ಎಂದು ತಿಳಿದು 'ಕಡಿಮೆ ಸೋಡಿಯಂ' ಉಪ್ಪಿನ ಎರಡು ಪ್ಯಾಕೆಟ್ ಕೊಟ್ಟು ಹೋದ. ನಾನು ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತೇನೆ. ಬಳಸಬಹುದೇ?
– ಓದುಗ, ಹಾವೇರಿ

ಉತ್ತರ: ಸದ್ಯಕ್ಕೆ ಒಡೆಯಬೇಡಿ. ಅಂಥ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸಿಕೊಳ್ಳುತ್ತದೆ. ಎರಡೂ ಸೇರಿ, ಜೊತೆಗೆ ಮೂತ್ರಪಿಂಡವೂ ಸೋತಿದ್ದರೆ, ಹೃದಯದ ಬಡಿತವೇ ತಾಳ ತಪ್ಪಬಹುದು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್, ಜೊತೆಗೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಡಾಕ್ಟರರು ಆಗಬಹುದೆಂದರೆ ಬಳಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಎಂದು, ಅಂದರೆ ಹೆಚ್ಚೆಂದರೆ ಒಂದು ಚಹಾ ಚಮಚ. ನಿಮ್ಮ ಜಿಲ್ಲೆಯಲ್ಲೇ ಸವಣೂರಿನ ಖಾರಾ ಇರುವಾಗ, ಗೆಳೆಯ ಕೊಟ್ಟ ಪ್ಯಾಕೆಟ್ಟಿಗಿಂತ ಸಂಜೆ ಚಹಾದ ಪಕ್ಕದ ಬಟ್ಟಲಿನ ಮೇಲೆ ಕಣ್ಣಿಡುವುದು ಒಳ್ಳೆಯದು. ಉಪ್ಪಿನಕಾಯಿ, ಹಪ್ಪಳದ ಲೆಕ್ಕವನ್ನೂ ಬಿಡಬೇಡಿ.

ಪ್ರಶ್ನೆ: ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಲೇ ಇರಬೇಕು ಎಂಬ ಸಂದೇಶವನ್ನು ನಮ್ಮ ವರ್ಗದ ಒಬ್ಬರು ವರ್ಷಕ್ಕೆ ನಾಲ್ಕು ಸಲ ಕಳಿಸುತ್ತಾರೆ. ನಿಜವೇ?
– ಓದುಗಳು, ಹುಬ್ಬಳ್ಳಿ

ಉತ್ತರ: ಅಲ್ಲ. ದವಾಖಾನೆಯಲ್ಲಿ, ಹೃದಯದ ಬಡಿತವನ್ನು ಪರದೆಯ ಮೇಲೆ ನೋಡುತ್ತ ಡಾಕ್ಟರರು ಪಕ್ಕದಲ್ಲೇ ನಿಂತಿರುವಾಗ, ಕೆಲವು ಸಂದರ್ಭಗಳಲ್ಲಿ ಕೆಮ್ಮಿ ಎನ್ನುವುದುಂಟು. ಅದು ಅಲ್ಲಿಂದ ತಪ್ಪಿಸಿಕೊಂಡು ಮೊಬೈಲಿಗೆ ಬಂದಿದೆ. ಮನೆಯಲ್ಲಿ ಎದೆನೋವು ಬಂದರೆ 108ಕ್ಕೆ ಕರೆ ಮಾಡಿ, ಬಾಗಿಲಿನ ಚಿಲಕ ತೆಗೆದಿಟ್ಟು ಕುಳಿತುಕೊಳ್ಳಿ. ಕೆಮ್ಮುತ್ತ ಹೊತ್ತು ಕಳೆಯಬೇಡಿ.

ಐದನೆಯ ಸಲ ಆ ಸಂದೇಶ ಬಂದರೆ, ಕಳಿಸಿದವರಿಗೆ ಒಂದು ಫೋನ್ ಮಾಡಿ ಅವರ ಎದೆ ಹೇಗಿದೆ ಎಂದು ಕೇಳಿ.